ಕೃಷ್ಣೆಯ ದಡದ ಊಟ, ಗುಡಿ, ಕೈಕಸುಬು: ರಾಯಬಾಗ ಸೀಮೆಯಲ್ಲಿ ಮೂರು ದಿನ

ಊಟ, ಸಂಸ್ಕೃತಿ ಮತ್ತು ಬಯಲ ಸುತ್ತಾಟ ಈ ಮೂರನ್ನೂ ಒಂದೇ ರಜೆಯಲ್ಲಿ ಸವಿಯಬಯಸುವವರಿಗೆ ಮೊದಲು ನೆನಪಾಗುವ ದೇಶ ಫ್ರಾನ್ಸ್. ರೋಕ್‌ಫೋರ್ ಎಂಬ ಹಳ್ಳಿಯ ಗವಿಗಳಲ್ಲಿ ಹದಗೊಂಡ ಚೀಸ್‌ಗೆ ಮಾತ್ರ ಆ ಊರಿನ ಹೆಸರು ಸಲ್ಲಬೇಕೆಂದು ಅಲ್ಲಿ 1925ರಲ್ಲಿಯೇ ಕಾನೂನು ಬಂದಿತು. ಫ್ರೆಂಚರು ಹಬ್ಬ-ಹರಿದಿನಗಳಲ್ಲಿ ಕೂಡಿ ಉಣ್ಣುವ ಸಾಂಪ್ರದಾಯಿಕ ಭೋಜನಕ್ರಮವನ್ನು ಯುನೆಸ್ಕೊ 2010ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಲುವಾರ್ ನದಿಯ ಗುಂಟ ಸಾಗುವ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ದಾರಿಯು ದ್ರಾಕ್ಷಿತೋಟ, ಅರಮನೆ ಮತ್ತು ಸಂತೆಪೇಟೆಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ನದಿ, ಅಡುಗೆ ಮತ್ತು ಕೈಕಸುಬನ್ನು ಬೇರ್ಪಡಿಸದೆ ಒಟ್ಟಿಗೆ ನೋಡುವ ಈ ಕ್ರಮವನ್ನು ಅನುಸರಿಸಿ ಪ್ರವಾಸ ಹೂಡಬಲ್ಲ ಪ್ರದೇಶವೊಂದು ಕರ್ನಾಟಕದ ವಾಯವ್ಯದ ಅಂಚಿನಲ್ಲಿಯೂ ಇದೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳೇ ಆ ಪ್ರದೇಶ.

ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಯು ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಈ ಸೀಮೆಯ ಮೂಲಕ ಕರ್ನಾಟಕವನ್ನು ಪ್ರವೇಶಿಸುತ್ತದೆ. ವೇದಗಂಗೆಯ ನೀರನ್ನು ಹೊತ್ತು ಬರುವ ದೂಧಗಂಗೆಯೂ ಇಲ್ಲಿಯೇ ಅದನ್ನು ಸೇರುತ್ತದೆ. ಈ ನದಿಗಳ ಎರಡೂ ದಡದ ಕಪ್ಪು ನೆಲದಲ್ಲಿ ಕಬ್ಬು, ನಿಪ್ಪಾಣಿಯ ಸುತ್ತ ಬೀಡಿ ತಂಬಾಕು, ಅಥಣಿಯ ಮೂಡಲಿಗೆ ಹಿಂಗಾರಿ ಜೋಳ ಬೆಳೆಯುತ್ತವೆ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಕನ್ನಡ ಮತ್ತು ಮರಾಠಿ ಎರಡನ್ನೂ ಸಲೀಸಾಗಿ ಆಡುವ ಜನರು ಇಂದಿಗೂ ಇಲ್ಲಿನ ಸಂತೆಗಳಲ್ಲಿ ಎಲ್ಲೆಡೆ ಸಿಗುತ್ತಾರೆ.

ಇಲ್ಲಿಗೆ ಹೊರಡುವವರು ನೋಡತಕ್ಕ ಸ್ಥಳಗಳ ಪಟ್ಟಿಗಿಂತ ಮೊದಲು ಪಂಚಾಂಗವನ್ನೂ ಬೆಳೆಯ ಕಾಲವನ್ನೂ ಗಮನಿಸಬೇಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ಮಳೆ ಹೆಚ್ಚಿದಾಗಲೆಲ್ಲ ಕೆಳಮಟ್ಟದ ಸೇತುವೆಗಳು ಮುಳುಗಿ ದಾರಿ ಕಡಿಯುತ್ತದೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಊರುಗಳಿಗೇ ನೀರು ನುಗ್ಗಿತ್ತು. ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಪ್ರಶಸ್ತ. ಆಗ ಕಬ್ಬು ನುರಿಯುವ ಹಂಗಾಮು ನಡೆದಿರುತ್ತದೆ, ಜೋಳ ಹಾಲುಗಾಳಿಗೆ ಬರುತ್ತದೆ, ಮಾಘ ಮಾಸದ ಜಾತ್ರೆಗಳು ಕೂಡುತ್ತವೆ.

ಈ ಕಾಲದ ವಿಶೇಷ ತಿನಿಸು ಸೀತನಿ. ಪೂರ್ತಿ ಬಲಿಯದ ಜೋಳದ ತೆನೆಗಳನ್ನು ಹೊಲದಲ್ಲಿಯೇ ಕುಳ್ಳಿನ ಕೆಂಡದಲ್ಲಿ ಹದವಾಗಿ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ ಕಾಳು ಬಿಡಿಸಿ, ಹೊಟ್ಟು ತೂರಿ, ಶೇಂಗಾ ಚಟ್ನಿ ಇಲ್ಲವೆ ಬೆಲ್ಲದೊಂದಿಗೆ ತಿನ್ನುವ ಇದಕ್ಕೆ ಹೊಲದ ಬದುವೇ ಊಟದ ಮನೆ. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಚೆಲ್ಲುವ ಚರಗದ ಆಚರಣೆ ಮುಗಿಸಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ಉಣ್ಣುವುದೂ ಬಯಲೂಟದ ಇನ್ನೊಂದು ರೂಪ. ಬೆಲ್ಲ ತಯಾರಿಸುವ ಗಾಣಗಳಿಗೆ ಹೋದವರು ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿಗೆ, ಅಂದರೆ ಕಬ್ಬಿನ ರಸಕ್ಕೆ, ಸುಣ್ಣ ಬೆರೆಸಿ ಮೇಲೆದ್ದ ಕೊಳೆ ತೆಗೆಯುವುದನ್ನೂ ಪಾಕ ಗಟ್ಟಿಯಾದಾಗ ಅಚ್ಚಿಗೆ ಸುರಿಯುವುದನ್ನೂ ಕಾಣಬಹುದು. ನಿಪ್ಪಾಣಿಯ ಕಡೆಗೆ ಬಂದರೆ ಮಿಸಳ, ಕಾಂದಾ ಭಜಿ, ಕೆಂಪು ಮತ್ತು ಬಿಳಿ ರಸ್ಸಾಗಳಲ್ಲಿ ಕೊಲ್ಲಾಪುರದ ಖಾರ ಬೆರೆಯುತ್ತದೆ.

ಸಂಸ್ಕೃತಿಯ ದೃಷ್ಟಿಯಿಂದ ಅತ್ಯಂತ ಕುತೂಹಲಕರವಾದುದು ನದಿಯಾಚೆಗಿನ ಒಂದು ಗುಡಿಗೂ ಈಚೆಗಿನ ಒಂದು ಊರಿಗೂ ಇರುವ ನಂಟು. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಡದಲ್ಲಿ, ಮಹಾರಾಷ್ಟ್ರದ ಖಿದ್ರಾಪುರದಲ್ಲಿ, ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಅದರ ಮುಂಭಾಗದ ಸ್ವರ್ಗಮಂಟಪವು ಕಂಬಗಳ ಸಾಲಿನ ನಡುವೆ ಚಾವಣಿಯನ್ನು ವೃತ್ತಾಕಾರವಾಗಿ ತೆರೆದಿಟ್ಟು, ಕಾರ್ತಿಕ ಹುಣ್ಣಿಮೆಯ ಚಂದ್ರನಿಗೆ ನೇರ ಒಳಬರುವ ದಾರಿ ಮಾಡಿಕೊಟ್ಟಿದೆ. ಶಿವಾಲಯವಾದರೂ ಇಲ್ಲಿ ನಂದಿಯಿಲ್ಲ. ಆ ನಂದಿ ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿದೆ ಎಂಬುದು ಜನರ ನಂಬಿಕೆ. ರಾಜ್ಯದ ಗಡಿ ಬೇರ್ಪಡಿಸಿದ ಈ ಎರಡೂ ಊರುಗಳನ್ನು ಒಂದೇ ದಿನ ನೋಡಿದರೆ ಮಾತ್ರ ಆ ಕಥೆ ಪೂರ್ಣವಾಗುತ್ತದೆ. ಜೈನ ಪರಂಪರೆಯೂ ಇಲ್ಲಿ ಅಷ್ಟೇ ದಟ್ಟವಾಗಿದ್ದು, ನಿಪ್ಪಾಣಿ ಬಳಿಯ ತವನಿಧಿ ಪ್ರಸಿದ್ಧ ಯಾತ್ರಾಸ್ಥಳವಾದರೆ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಸದಲಗಾದಲ್ಲಿ. ಕಾದಂಬರಿಕಾರ ಮಿರ್ಜಿ ಅಣ್ಣಾರಾಯರ ಊರು ಶೇಡಬಾಳ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಹುಣ್ಣಿಮೆಯ ಹೊತ್ತಿಗೆ ಕೂಡುವ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಎರಚಿದ ಭಂಡಾರದಿಂದ, ಎಂದರೆ ದೇವಿಗೆ ಅರ್ಪಿಸಿದ ಅರಿಶಿನದಿಂದ, ಊರೇ ಹಳದಿಯಾಗುತ್ತದೆ.

ಕೈಕಸುಬಿನಲ್ಲಿ ಅಗ್ರಸ್ಥಾನ ಕೊಲ್ಲಾಪುರಿ ಚಪ್ಪಲಿಗೆ. ಹೆಸರು ಕೊಲ್ಲಾಪುರದ್ದಾದರೂ ಅಥಣಿ, ಮದಭಾವಿ ಮತ್ತು ನಿಪ್ಪಾಣಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಇದನ್ನು ಹೊಲಿಯುತ್ತ ಬಂದಿದ್ದಾರೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ಹದಮಾಡಿದ ತೊಗಲನ್ನು ಕತ್ತರಿಸಿ, ಮೊಳೆ ಬಳಸದೆ ತೊಗಲಿನ ದಾರದಿಂದಲೇ ಅಟ್ಟೆಯನ್ನು ಹೊಲಿಯುತ್ತಾರೆ. ಮೇಲಿನ ಪಟ್ಟಿಯ ಜಡೆಯನ್ನು ಹೆಣೆಯುವ ನಾಜೂಕಿನ ಕೆಲಸ ಬಹುಪಾಲು ಹೆಂಗಸರದು. ಒಂದು ವಸ್ತುವಿನ ಗುಣ ಅದು ತಯಾರಾಗುವ ನೆಲಕ್ಕೆ ಸೇರಿದ್ದೆಂದು ಗುರುತಿಸುವ ಕಾನೂನಿನ ಮುದ್ರೆಯಾದ ಭೌಗೋಳಿಕ ಸೂಚಕವು 2019ರಲ್ಲಿ ಈ ಚಪ್ಪಲಿಗೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಅದರ ಹಕ್ಕು ಸಂದಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಬಗೆಯ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿದಾಗ ಎದ್ದ ಗದ್ದಲವು ಆ ಮುದ್ರೆಯ ಬೆಲೆಯನ್ನು ಜನರ ಗಮನಕ್ಕೆ ತಂದಿತು.

ಮೂರು ದಿನಗಳ ಅವಧಿ ಈ ಪ್ರವಾಸಕ್ಕೆ ಸಾಕು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿರುವ ನಿಪ್ಪಾಣಿಯಿಂದ ಆರಂಭಿಸಿ ಮೊದಲ ದಿನ ತವನಿಧಿ ಮತ್ತು ಚಿಕ್ಕೋಡಿಯನ್ನೂ, ಎರಡನೆಯ ದಿನ ಯಡೂರು ಮತ್ತು ಖಿದ್ರಾಪುರವನ್ನು ನೋಡಿ ಸಂಜೆಗೆ ಅಥಣಿಯನ್ನೂ ತಲುಪಬಹುದು. ಮೂರನೆಯ ದಿನ ಬೆಳಿಗ್ಗೆ ಚಪ್ಪಲಿ ಹೊಲಿಯುವ ಓಣಿಗಳನ್ನು ಸುತ್ತಿ, ಉಗಾರ ಖುರ್ದದಲ್ಲಿ ಮೀರಜದಿಂದ ಬರುವ ಪ್ಯಾಸೆಂಜರ್ ರೈಲು ಹಿಡಿದರೆ, ಅದು ಕೃಷ್ಣೆಯನ್ನು ದಾಟಿ ಕುಡಚಿ, ಚಿಂಚಲಿ, ರಾಯಬಾಗಗಳ ಮೂಲಕ ಗೋಕಾಕ ರೋಡಿನತ್ತ ಒಯ್ಯುತ್ತದೆ. ಅಲ್ಲಿಂದ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತ ದೂರವಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನು ತುಂಬುವ ಕಾಲವಾದ್ದರಿಂದ ಸೈಕಲ್ ಸವಾರರು ಹೆದ್ದಾರಿ ಬಿಟ್ಟು ನಸುಕಿನಲ್ಲಿ ಹಳ್ಳಿಯ ದಾರಿಗಳನ್ನು ಬಳಸುವುದು ಲೇಸು. ಕೃಷ್ಣೆಯಲ್ಲಿ ಮೊಸಳೆಗಳಿರುವ ಕಾರಣ ಸ್ಥಳೀಯರನ್ನು ಕೇಳದೆ ನೀರಿಗಿಳಿಯಬಾರದು.

ಲುವಾರ್ ಕಣಿವೆಯಲ್ಲಿರುವಂತಹ ಗುರುತುಹಾಕಿದ ನದಿದಾರಿಯಾಗಲಿ, ಊರೂರಿಗೆ ಅತಿಥಿಗೃಹವಾಗಲಿ ಇಲ್ಲಿ ಇಲ್ಲದ್ದರಿಂದ, ತಂಗಲು ತಾಲ್ಲೂಕು ಕೇಂದ್ರದ ವಸತಿಗೃಹಗಳನ್ನೂ ಉಣ್ಣಲು ಖಾನಾವಳಿಗಳನ್ನೂ ಅವಲಂಬಿಸಬೇಕಾಗುತ್ತದೆ. ಆದರೆ ಫ್ರಾನ್ಸಿನಲ್ಲಿ ದಾರಿಗಿಂತ ಮೊದಲು ಬಂದದ್ದು ಊರಿನ ಹೆಸರಿಗೆ ಬೆಲೆ ಕೊಟ್ಟ ಕಾನೂನು. ಅಥಣಿಯ ಚಪ್ಪಲಿಗೆ ಆ ಹಂತ ಈಗಾಗಲೇ ಮುಗಿದಿದೆ. ಪ್ರವಾಸಿಗರು ಚಪ್ಪಲಿಯನ್ನು ಹೊಲಿದವರ ಕೈಯಿಂದಲೂ ಬೆಲ್ಲವನ್ನು ಗಾಣದ ಬಾಗಿಲಲ್ಲಿಯೂ ಕೊಳ್ಳತೊಡಗಿದರೆ, ನದಿದಂಡೆಯ ದಾರಿಯನ್ನು ಕೇಳುವ ಬಲವೂ ಈ ಊರುಗಳಿಗೆ ಬರುತ್ತದೆ.