ಲಾರಿ ಅಪಘಾತ: ಪರಿಹಾರದ ಹಕ್ಕು ಕೈತಪ್ಪದಿರಲಿ

ಮುಂಬಯಿ, ಥಾಣೆ, ನವಿ ಮುಂಬಯಿ ಹಾಗೂ ಪುಣೆ ಪರಿಸರದ ತುಳು-ಕನ್ನಡಿಗರ ದಿನಚರಿ ಹೆದ್ದಾರಿಯೊಂದಿಗೆ ಬೆಸೆದುಕೊಂಡಿದೆ. ನಡುರಾತ್ರಿ ಹೊಟೇಲು ಮುಚ್ಚಿ ಬೈಕಿನಲ್ಲಿ ಕೋಣೆಗೆ ಮರಳುವ ಯುವಕರು, ಬೆಳಗಿನ ಜಾವ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ತರಕಾರಿ ತರಲು ಹೊರಡುವವರು, ಮದುವೆ, ನೇಮ, ಕೋಲಗಳಿಗೆಂದು ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ ಬರುವವರು ಎಲ್ಲರೂ ಲಾರಿ, ಟ್ರೇಲರುಗಳ ಪಕ್ಕದಲ್ಲೇ ಸಾಗಬೇಕು. ನಾವಾ ಶೇವಾ ಬಂದರಿನ ಕಂಟೇನರುಗಳು, ಭಿವಂಡಿಯ ಗೋದಾಮುಗಳ ಸರಕು, ಕಳಂಬೋಲಿಯ ಕಬ್ಬಿಣ ಎಲ್ಲವೂ ಇದೇ ರಸ್ತೆಗಳಲ್ಲಿ ಓಡುತ್ತವೆ. ಪುಣೆಯ ನವಲೆ ಸೇತುವೆಯ ಬಳಿ 2022ರ ನವೆಂಬರ್ 20ರಂದು ಒಂದು ಟ್ರಕ್ಕಿನಿಂದಾಗಿ ಸುಮಾರು 48 ವಾಹನಗಳು ಜಖಂಗೊಂಡದ್ದನ್ನೂ, ಅದೇ ಪರಿಸರದಲ್ಲಿ 2025ರ ನವೆಂಬರ್ 13ರಂದು ಕಂಟೇನರ್ ಟ್ರಕ್ ಡಿಕ್ಕಿಯ ಬಳಿಕ ಬೆಂಕಿ ಹೊತ್ತಿ ಹಲವರು ಪ್ರಾಣ ಕಳೆದುಕೊಂಡದ್ದನ್ನೂ ಅಲ್ಲಿಯ ಕನ್ನಡಿಗರು ಮರೆತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಸುನೀಗಿದ್ದಾರೆ.

ದುಡಿಯುವ ಕೈಯೊಂದು ಹೀಗೆ ಹೋದಾಗ ಮನೆಯವರ ಮೊದಲ ಚಿಂತೆ ಶವವನ್ನು ಊರಿಗೆ ಒಯ್ಯುವುದು. ಬಳಿಕ ಉತ್ತರಕ್ರಿಯೆ, ಸಾಲ, ಮಕ್ಕಳ ಶಾಲೆ. ಈ ಗೊಂದಲದಲ್ಲಿ ಪೊಲೀಸ್ ಕಾಗದಗಳನ್ನು ಕೇಳುವವರೇ ಇರುವುದಿಲ್ಲ. ಲಾರಿಯ ಕಡೆಯವರು ಆಸ್ಪತ್ರೆಗೇ ಬಂದು ಒಂದೆರಡು ಲಕ್ಷ ಕೊಟ್ಟು 'ನಮ್ಮದೇನೂ ತಕರಾರಿಲ್ಲ' ಎಂಬ ಕಾಗದಕ್ಕೆ ಸಹಿ ಪಡೆಯುವುದೂ ಉಂಟು. ಕಾನೂನಿನ ಪ್ರಕಾರ ಆ ಕುಟುಂಬಕ್ಕೆ ಸಲ್ಲಬೇಕಾದ ಹಣ ಎಷ್ಟೆಂಬುದು ತಿಳಿದಿದ್ದರೆ ಹೆಚ್ಚಿನವರು ಆ ಸಹಿ ಹಾಕಲಾರರು.

ಹೊಣೆ ಯಾರದು?

ಚಾಲಕನ ಅಜಾಗರೂಕತೆಯಿಂದ ಅಪಘಾತವಾದರೆ ಚಾಲಕ, ಲಾರಿಯ ಮಾಲಕ ಹಾಗೂ ವಿಮಾ ಕಂಪೆನಿ ಈ ಮೂವರೂ ಹೊಣೆಗಾರರು. 'ಚಾಲಕ ಬಡವ, ಅವನಿಂದ ಏನು ಸಿಕ್ಕೀತು?' ಎಂದು ಸುಮ್ಮನಾಗಬೇಕಿಲ್ಲ. ನೌಕರನ ತಪ್ಪಿಗೆ ಮಾಲಕನು ಹೊಣೆ, ಮಾಲಕನ ಹೊಣೆಯನ್ನು ಭರಿಸುವುದು ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಕಡ್ಡಾಯ.

ಲಾರಿಯನ್ನು ಮಾರಿದ ಮೇಲೂ ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಗದಿದ್ದರೆ, ಪುಸ್ತಕದಲ್ಲಿ ಹೆಸರಿರುವವನೇ ಮಾಲಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಚಾಲಕನಲ್ಲಿ ಸರಿಯಾದ ಲೈಸೆನ್ಸ್ ಇಲ್ಲ ಎಂಬ ಕಾರಣಕ್ಕೆ ಸಂತ್ರಸ್ತರು ಬರಿಗೈಯಲ್ಲಿ ಮರಳಬೇಕಾಗಿಲ್ಲ. ಸ್ವರಣ್ ಸಿಂಗ್ ಪ್ರಕರಣದ 2004ರ ತೀರ್ಪಿನ ಬಳಿಕ ಇಂತಹ ಪ್ರಕರಣಗಳಲ್ಲಿ ವಿಮಾ ಕಂಪೆನಿ ಮೊದಲು ಸಂತ್ರಸ್ತರಿಗೆ ಹಣ ಪಾವತಿಸಿ, ನಂತರ ಅದನ್ನು ಮಾಲಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುತ್ತದೆ. ಲಾರಿಗೆ ಪರ್ಮಿಟ್ ಇಲ್ಲದ ಪ್ರಕರಣದಲ್ಲೂ 2018ರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾರ್ಗವನ್ನು ಎತ್ತಿಹಿಡಿಯಿತು.

ಕತ್ತಲಲ್ಲಿ ಹಿಂಬದಿ ದೀಪವಿಲ್ಲದೆ ನಿಲ್ಲಿಸಿದ ಲಾರಿಗೆ ಬೈಕ್ ಬಡಿಯುವುದು ನಮ್ಮ ಹೆದ್ದಾರಿಗಳಲ್ಲಿ ಸಾಮಾನ್ಯ. ಇಂತಹ ವೇಳೆ ತಪ್ಪನ್ನು ಲಾರಿ ಮತ್ತು ಬೈಕ್ ಸವಾರನ ನಡುವೆ ಹಂಚಿ, ಸವಾರನ ಪಾಲಿನಷ್ಟು ಪರಿಹಾರವನ್ನು ಕಡಿತ ಮಾಡಬಹುದು. ಆದರೆ ಹಿಂದೆ ಕುಳಿತವನಿಗೆ ಈ ಕಡಿತ ಅನ್ವಯಿಸದು. ಎರಡು ವಾಹನಗಳ ತಪ್ಪಿನಿಂದ ಗಾಯಗೊಂಡ ಮೂರನೆಯವನು ಪೂರ್ತಿ ಹಣವನ್ನು ಇಬ್ಬರಲ್ಲಿ ಒಬ್ಬರಿಂದಲೇ ಪಡೆಯಬಹುದೆಂದು 2015ರ ತೀರ್ಪು ಹೇಳುತ್ತದೆ.

ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಬಸ್ಸು ತಪ್ಪಿದಾಗ ಲಾರಿ ಅಥವಾ ಟೆಂಪೋ ಹತ್ತಿ ಹೋಗುವ ಅಭ್ಯಾಸ ಹಲವರಲ್ಲಿದೆ. ಸರಕು ವಾಹನದಲ್ಲಿ ಹಾಗೆ ಸುಮ್ಮನೆ ಪಯಣಿಸುವವರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರಕಿನ ಧನಿ ಅಥವಾ ಅವರ ಅಧಿಕೃತ ಪ್ರತಿನಿಧಿಯಾಗಿ ಸರಕಿನೊಂದಿಗೆ ಹೋಗುವವರಿಗೆ ಮಾತ್ರ ರಕ್ಷಣೆ ಇದೆ.

ಆರು ತಿಂಗಳ ಗಡುವು

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ, ಜನರ ಬಾಯಲ್ಲಿ ಎಂಎಸಿಟಿ ಎನ್ನುವಲ್ಲಿ, ಸಲ್ಲಿಸಬೇಕು. 2019ರ ತಿದ್ದುಪಡಿಯು ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕೆಂಬ ಗಡುವು ತಂದಿತು. 2022ರ ಎಪ್ರಿಲ್ 1ರಿಂದ ಇದು ಜಾರಿಗೆ ಬಂತು. ಈ ಗಡುವನ್ನು ಪ್ರಶ್ನಿಸಿ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಅದು ಮಧ್ಯಂತರ ಆದೇಶವನ್ನೂ ನೀಡಿತು. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿ ಕೈಕಟ್ಟಿ ಕೂರುವುದು ಜಾಣತನವಲ್ಲ. ವರ್ಷಾಂತಿಕ ಮುಗಿಯಲಿ, ಆಮೇಲೆ ನೋಡೋಣ ಎಂಬ ಮಾತು ಇಲ್ಲಿ ಸಲ್ಲದು.

ಅರ್ಜಿ ಎಲ್ಲಿ ಹಾಕಬೇಕು ಎಂಬುದು ಹೊರನಾಡಿನವರ ದೊಡ್ಡ ಪ್ರಶ್ನೆ. ಅಪಘಾತ ಸತಾರ, ಕೊಲ್ಲಾಪುರ ಅಥವಾ ಕಾರವಾರದ ಬಳಿ ನಡೆದಿದ್ದರೂ ಅಲ್ಲಿಗೇ ಅಲೆಯಬೇಕಾಗಿಲ್ಲ. ಅಪಘಾತದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರಾಳಿಯು ವಾಸಿಸುವ ಸ್ಥಳ ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವ ಹಕ್ಕು ಅರ್ಜಿದಾರರಿಗಿದೆ. ಮುಂಬಯಿಯಲ್ಲಿ ನೆಲೆಸಿದ ಪತ್ನಿ ಮುಂಬಯಿಯಲ್ಲಿ, ಉಡುಪಿಯಲ್ಲಿರುವ ತಾಯಿ ಉಡುಪಿಯಲ್ಲಿ ಅರ್ಜಿ ಹಾಕಬಹುದು. ಆದರೆ ಇಬ್ಬರೂ ಬೇರೆಬೇರೆ ರಾಜ್ಯಗಳಲ್ಲಿ ಅರ್ಜಿ ಹಾಕಿದರೆ ಮೊದಲು ಸಲ್ಲಿಸಿದ ಕಡೆಯೇ ವಿಚಾರಣೆ ನಡೆಯಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಸೂಚಿಸಿದೆ. ಅತ್ತೆ-ಸೊಸೆ ಒಟ್ಟಿಗೆ ಕುಳಿತು ಮಾತಾಡಿ ಒಂದೇ ಅರ್ಜಿ ಸಲ್ಲಿಸುವುದು ಎಲ್ಲರಿಗೂ ಹಿತ.

ಪೊಲೀಸರಿಗೂ ಕಾಲಮಿತಿ ಇದೆ. 2022ರಲ್ಲಿ ಬಂದ ನಿಯಮಗಳಂತೆ ಅಪಘಾತದ ಪ್ರಥಮ ವರದಿಯನ್ನು 48 ಗಂಟೆಗಳೊಳಗೆ, ಮಧ್ಯಂತರ ವರದಿಯನ್ನು 50 ದಿನಗಳೊಳಗೆ, ಸವಿವರ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕು. ತನಿಖಾಧಿಕಾರಿಯನ್ನು ಕಂಡು ಈ ವರದಿಗಳು ಹೋಗಿವೆಯೇ ಎಂದು ವಿನಯದಿಂದಲೇ ವಿಚಾರಿಸುವವರು ಮನೆಯಲ್ಲಿ ಒಬ್ಬರಿರಬೇಕು.

ಲೆಕ್ಕ ಹೇಗೆ?

ಪರಿಹಾರದ ಮೊತ್ತ ನ್ಯಾಯಾಧೀಶರ ಮನಸ್ಸಿಗೆ ಬಂದಂತೆ ನಿಗದಿಯಾಗುವುದಲ್ಲ. ಅದಕ್ಕೊಂದು ಲೆಕ್ಕವಿದೆ. 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಿರ್ಧರಿಸಿದೆ.

ಉದಾಹರಣೆಗೆ, ತಿಂಗಳಿಗೆ 18,000 ರೂ. ಸಂಪಾದಿಸುತ್ತಿದ್ದ 32 ವರ್ಷದ ಹೊಟೇಲ್ ನೌಕರರೊಬ್ಬರು ಲಾರಿ ಡಿಕ್ಕಿಯಿಂದ ನಿಧನ ಹೊಂದಿದರೆಂದು ಇಟ್ಟುಕೊಳ್ಳೋಣ. ಪತ್ನಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವಲಂಬಿತರು. ವಾರ್ಷಿಕ ಆದಾಯ 2,16,000 ರೂ. ಮುಂದೆ ಏರಬಹುದಾಗಿದ್ದ ಆದಾಯಕ್ಕೆಂದು ಶೇ. 40 ಸೇರಿಸಿದರೆ 3,02,400 ರೂ. ಅವರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಪಾಲು ಕಳೆದರೆ ಉಳಿಯುವುದು 2,26,800 ರೂ. 31ರಿಂದ 35 ವಯಸ್ಸಿನವರಿಗೆ ಗುಣಕ 16. ಗುಣಿಸಿದಾಗ ಬರುವ ಮೊತ್ತ 36,28,800 ರೂ. ಅಂತ್ಯಕ್ರಿಯೆ, ಆಸ್ತಿನಷ್ಟ ಹಾಗೂ ಪತ್ನಿ, ಮಕ್ಕಳು, ತಾಯಿ ಕಳೆದುಕೊಂಡ ಆಸರೆಯ ಬಾಬ್ತು ಇದಕ್ಕೆ ಪ್ರತ್ಯೇಕ ಸೇರುತ್ತದೆ. ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿಯನ್ನೂ ನ್ಯಾಯಮಂಡಳಿ ಕೊಡಿಸಬಹುದು. ಆಸ್ಪತ್ರೆಯ ಅಂಗಳದಲ್ಲಿ ಕೊಡುವ ಎರಡು ಲಕ್ಷವನ್ನು ಈ ಮೊತ್ತದ ಪಕ್ಕದಲ್ಲಿ ಇಟ್ಟು ನೋಡಬೇಕು.

ಅವಿವಾಹಿತರಾದರೆ ಸ್ವಂತ ಖರ್ಚಿಗೆ ಸಾಮಾನ್ಯವಾಗಿ ಅರ್ಧ ಕಳೆಯುತ್ತಾರೆ. ತಿಂಗಳಿಗೆ 15,000 ರೂ. ಗಳಿಸುತ್ತಿದ್ದ 24ರ ಯುವಕನ ಹೆತ್ತವರಿಗೆ ಇದೇ ಲೆಕ್ಕದಲ್ಲಿ, ಗುಣಕ 18ರಂತೆ, 22,68,000 ರೂ. ಬರುತ್ತದೆ. ಗೃಹಿಣಿಯ ದುಡಿಮೆಗೂ ಬೆಲೆಯಿದೆ. ಅವರ ಆದಾಯವನ್ನು ಅಂದಾಜಿಸಿ ಪರಿಹಾರ ನೀಡಬೇಕೆಂಬುದನ್ನು 2021ರ ಜನವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ.

ಗಾಯಗೊಂಡು ಬದುಕುಳಿದವರ ಲೆಕ್ಕ ಬೇರೆ. ಕೈಯ ಊನ ಶೇ. 30 ಎಂದು ವೈದ್ಯರು ಬರೆದರೂ, ಆ ಕೈಯಿಂದಲೇ ದೋಸೆ ಹುಯ್ಯುವ ಅಡುಗೆಭಟ್ಟರ ದುಡಿಮೆಗೆ ಎಷ್ಟು ಪೆಟ್ಟು ಬಿತ್ತೆಂಬುದೇ ಮುಖ್ಯ. ರಾಜ್ ಕುಮಾರ್ ಪ್ರಕರಣದ ತೀರ್ಪಿನ ಸಾರವೂ ಇದೇ.

ಇಲ್ಲಿ ನಮ್ಮವರು ಸೋಲುವುದು ಆದಾಯದ ದಾಖಲೆಯಲ್ಲಿ. ಸಂಬಳ ಕೈಗೆ ಕೊಟ್ಟು ಮುಗಿಸುವ ಪದ್ಧತಿ ಹಲವು ಸಣ್ಣ ಹೊಟೇಲುಗಳಲ್ಲಿದೆ. ದಾಖಲೆ ಇಲ್ಲದಿದ್ದರೆ ಕನಿಷ್ಠ ವೇತನದ ಆಧಾರದಲ್ಲಿ ಲೆಕ್ಕ ಹಾಕುವ ಸಾಧ್ಯತೆಯೇ ಹೆಚ್ಚು. 18,000ದ ಬದಲು 12,000 ಎಂದು ಹಿಡಿದರೆ ಮೇಲಿನ ಉದಾಹರಣೆಯಲ್ಲಿ ಕುಟುಂಬಕ್ಕೆ ಆಗುವ ನಷ್ಟ 12 ಲಕ್ಷಕ್ಕೂ ಅಧಿಕ. ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಲಾರಿ ಪರಾರಿಯಾದರೆ

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಸರಕಾರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ದೊರೆಯುತ್ತದೆ. 2022ರ ಎಪ್ರಿಲ್‌ಗೆ ಮೊದಲು ಇದು 25,000 ಮತ್ತು 12,500 ರೂ. ಆಗಿತ್ತು. ಅರ್ಜಿಯನ್ನು ಅಪಘಾತ ನಡೆದ ತಾಲೂಕಿನ ವಿಚಾರಣಾಧಿಕಾರಿಗೆ ಸಲ್ಲಿಸಬೇಕು. ವಾಹನ ಪತ್ತೆಯಾಗಿದ್ದು ತಪ್ಪು ಯಾರದೆಂದು ಸಾಬೀತುಪಡಿಸುವುದು ಕಷ್ಟವಾದಲ್ಲಿ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ಪಡೆಯಲು ಅವಕಾಶವಿದೆ. ಇಲ್ಲಿ ತಪ್ಪಿನ ಪ್ರಶ್ನೆಯೇ ಬರುವುದಿಲ್ಲ.

ಚಿಕಿತ್ಸೆಗಾಗಿ 2025ರ ಮೇ 5ರಂದು ಕೇಂದ್ರ ಸರಕಾರ ಪ್ರಕಟಿಸಿದ ನಗದುರಹಿತ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದಿಂದ ಏಳು ದಿನಗಳವರೆಗೆ ತಲಾ 1.5 ಲಕ್ಷ ರೂ. ತನಕದ ಚಿಕಿತ್ಸೆಗೆ ಅವಕಾಶವಿದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರಿಗೂ ಕಾನೂನಿನ ರಕ್ಷಣೆ ಇದೆ. ಪೊಲೀಸ್ ಕಿರಿಕಿರಿ ಎಂದು ಹೆದರಿ ಮುಂದೆ ಸಾಗುವ ಅಗತ್ಯವಿಲ್ಲ.

ಕೆಲಸದ ನಿಮಿತ್ತ ಹೋಗುವಾಗ ಅಪಘಾತವಾದರೆ ನೌಕರರ ಪರಿಹಾರ ಕಾನೂನಿನ ದಾರಿಯೂ ತೆರೆದಿರಬಹುದು. ಆದರೆ ಎರಡೂ ಕಡೆ ಪರಿಹಾರ ಪಡೆಯುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಆರಿಸುವ ಮುನ್ನ ತಿಳಿದವರನ್ನು ಕೇಳುವುದು ಒಳಿತು.

ಕಡತದಲ್ಲಿ ಇರಬೇಕಾದವು

ಎಫ್‌ಐಆರ್, ಸ್ಥಳದ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಲಾರಿಯ ಆರ್‌ಸಿ, ವಿಮಾ ಪಾಲಿಸಿ ಮತ್ತು ಪರ್ಮಿಟ್‌ನ ಪ್ರತಿ, ಚಾಲಕನ ಲೈಸೆನ್ಸ್ ಪ್ರತಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಔಷಧದ ಪ್ರತಿಯೊಂದು ಬಿಲ್ಲು, ವಯಸ್ಸಿನ ಹಾಗೂ ಆದಾಯದ ಪುರಾವೆ, ಅವಲಂಬಿತರ ಗುರುತಿನ ಪತ್ರಗಳು ಇವನ್ನೆಲ್ಲ ಒಂದೇ ಕಡತದಲ್ಲಿ ಜೋಡಿಸಿಡಬೇಕು. ಅಪಘಾತವನ್ನು ಕಣ್ಣಾರೆ ಕಂಡವರ ಫೋನ್ ಸಂಖ್ಯೆಯನ್ನು ಅಂದೇ ಬರೆದುಕೊಳ್ಳಬೇಕು. ಕ್ರಿಮಿನಲ್ ಪ್ರಕರಣದಲ್ಲಿ ಚಾಲಕ ಬಿಡುಗಡೆಗೊಂಡರೂ ಪರಿಹಾರದ ಅರ್ಜಿ ಅಷ್ಟರಿಂದಲೇ ಬಿದ್ದುಹೋಗದು. ನ್ಯಾಯಮಂಡಳಿಗೆ ಬೇಕಾದ ಸಾಕ್ಷ್ಯದ ಮಟ್ಟ ಅಷ್ಟು ಕಠಿಣವಲ್ಲ.

ವಕೀಲರು ಮತ್ತು ದಲ್ಲಾಳಿಗಳು

ಆಸ್ಪತ್ರೆ, ಠಾಣೆಗಳ ಸುತ್ತ ಸುಳಿದು 'ಕೇಸು ಗೆದ್ದರೆ ಇಷ್ಟು ಪರ್ಸೆಂಟು ಕೊಡಿ' ಎನ್ನುವ ದಲ್ಲಾಳಿಗಳ ಬಗ್ಗೆ ಎಚ್ಚರ ಬೇಕು. ಪ್ರಕರಣದ ಫಲಿತಾಂಶಕ್ಕೆ ತಳುಕು ಹಾಕಿ ಶುಲ್ಕ ನಿಗದಿ ಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸಹಿ ಹಾಕಬಾರದು. ಶುಲ್ಕ ಕೊಡುವ ಶಕ್ತಿ ಇಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಒದಗಿಸುತ್ತದೆ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಈ ನೆರವು ಲಭ್ಯ. 15100 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಲೋಕ ಅದಾಲತ್‌ನಲ್ಲಿ ರಾಜಿಗೆ ಒಪ್ಪುವ ಮುನ್ನ ಮೇಲಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು, ಏಕೆಂದರೆ ಅಲ್ಲಿ ಒಪ್ಪಿದ ಬಳಿಕ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು.

ಪರಿಹಾರದ ಹಣ ಬಂದ ಮೇಲೂ ಜಾಗ್ರತೆ ಅಗತ್ಯ. ಮಕ್ಕಳ ಪಾಲನ್ನು ಅವರು ಪ್ರಾಯಕ್ಕೆ ಬರುವ ತನಕ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡುವಂತೆ ನ್ಯಾಯಮಂಡಳಿ ಸಾಮಾನ್ಯವಾಗಿ ಆದೇಶಿಸುತ್ತದೆ. ವಿಧವೆಯ ಪಾಲಿನ ಒಂದಂಶವೂ ಹೀಗೆ ಠೇವಣಿಗೆ ಹೋಗುವುದುಂಟು. ಇದನ್ನು ತೊಂದರೆ ಎಂದು ತಿಳಿಯಬಾರದು. ಸಂಬಂಧಿಕರ ಹೊಸ ವ್ಯಾಪಾರಕ್ಕೆ, ಊರಿನ ಮನೆಯ ದುರಸ್ತಿಗೆ ಕರಗಿಹೋಗಬಹುದಾದ ಹಣ ಮಕ್ಕಳ ಓದಿಗೆ ಉಳಿಯುವುದು ಈ ಬೀಗದಿಂದಲೇ. ತಿಂಗಳ ಬಡ್ಡಿ ತಾಯಿಯ ಉಳಿತಾಯ ಖಾತೆಗೆ ಬರುವಂತೆ ಆದೇಶದಲ್ಲೇ ಬರೆಸಿಕೊಳ್ಳಬಹುದು. ಖಾತೆ ಆಕೆಯ ಹೆಸರಿನಲ್ಲೇ, ಮನೆಗೆ ಸಮೀಪದ ಶಾಖೆಯಲ್ಲಿ ಇರಲಿ.

ಲಾರಿ ಮಾಲಕರಿಗೂ ಒಂದು ಮಾತು

ಸಾರಿಗೆ ಉದ್ಯಮದಲ್ಲಿ ನಮ್ಮವರೂ ಇದ್ದಾರೆ. ವಿಮೆ ಒಂದು ದಿನ ತಪ್ಪಿದರೂ ಆ ದಿನದ ಅಪಘಾತದ ಪೂರ್ತಿ ಹೊಣೆ ಮಾಲಕನ ಮನೆ-ಮಠದ ಮೇಲೆ ಬೀಳುತ್ತದೆ. ವಿಮೆ ಇಲ್ಲದ ವಾಹನವನ್ನು ಜಾಮೀನು ಭದ್ರತೆ ಇಲ್ಲದೆ ಬಿಡುಗಡೆ ಮಾಡಬಾರದು, ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ಹೇಳಿದೆ. ಚಾಲಕನ ಲೈಸೆನ್ಸ್, ಪರ್ಮಿಟ್, ಫಿಟ್‌ನೆಸ್ ಪತ್ರಗಳ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಂಡರೆ ಮಾಲಕನಿಗೂ ದಾರಿಹೋಕರಿಗೂ ಕ್ಷೇಮ.

ಮಹಾನಗರದ ನಮ್ಮ ಜಾತೀಯ ಸಂಘಗಳು, ಕನ್ನಡ ಸಂಘಗಳು ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ಸಾಮೂಹಿಕ ವಿವಾಹಗಳಲ್ಲಿ ಶ್ಲಾಘನೀಯ ಸೇವೆ ಸಲ್ಲಿಸುತ್ತಿವೆ. ಪ್ರತಿ ಸಂಘದಲ್ಲೂ ಒಬ್ಬಿಬ್ಬರು ವಕೀಲರು ಸದಸ್ಯರಾಗಿರುತ್ತಾರೆ. ಅವರ ಹೆಸರು, ದೂರವಾಣಿ ಸಂಖ್ಯೆಯನ್ನು ಕಚೇರಿಯ ಫಲಕದಲ್ಲಿ ಹಾಕಿ, ಅಪಘಾತಕ್ಕೀಡಾದ ಕುಟುಂಬದ ಜೊತೆ ಠಾಣೆಗೂ ನ್ಯಾಯಮಂಡಳಿಗೂ ಹೋಗಬಲ್ಲ ಇಬ್ಬರು ಕಾರ್ಯಕರ್ತರನ್ನು ನೇಮಿಸಿದರೆ ಅದಕ್ಕೆ ದೊಡ್ಡ ಖರ್ಚೇನೂ ತಗಲದು. ಶ್ರದ್ಧಾಂಜಲಿ ಸಭೆಯ ದಿನವೇ ಆ ಮನೆಯವರಲ್ಲಿ 'ಎಫ್‌ಐಆರ್ ಪ್ರತಿ ಸಿಕ್ಕಿತೇ, ಅರ್ಜಿ ಹಾಕಿದಿರೇ?' ಎಂದು ಕೇಳುವ ರೂಢಿಯನ್ನು ಪದಾಧಿಕಾರಿಗಳು ಬೆಳೆಸಬೇಕಾಗಿದೆ.