ಹೆಂಡತಿ ಪೀಠದಲ್ಲಿ, ಗಂಡ ಬೆಂಚಿನಲ್ಲಿ!

ಕಾರವಾರ, ಕುಮಟಾ, ಶಿರಸಿ - ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ನಿಂತು ‘ಆಳ್ವ’ ಅಂತ ಹೆಸರೆತ್ತಿ ನೋಡಿ. ‘ಮಾರ್ಗರೆಟ್ ಆಳ್ವರೋ? 1999ರಲ್ಲಿ ಇಲ್ಲಿಂದಲೇ ಗೆದ್ದವರಲ್ಲವೋ ಮಾರಾಯ್ರೆ’ ಎಂಬ ಉತ್ತರ ಥಟ್ಟನೆ ಬಂದೀತು. ಆಕೆಯ ಮಾವ ಇದೇ ಜಿಲ್ಲೆಯಿಂದ ಒಂದಲ್ಲ, ಎರಡಲ್ಲ, ಮೂರು ಸಲ ಲೋಕಸಭೆಗೆ ಹೋಗಿದ್ದರು ಎಂದರೆ ‘ಹೌದಾ?’ ಎಂದು ಹುಬ್ಬೇರಿಸುವವರೇ ಹೆಚ್ಚು.

ಅವರು ಜೋಕಿಂ ಆಳ್ವ. 1907ರ ಜನವರಿ 21ರಂದು ಉಡುಪಿ ಕಡೆಯ ಕೆಥೋಲಿಕ್ ಮನೆತನದಲ್ಲಿ ಹುಟ್ಟಿ, ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿ, ಮುಂಬಯಿಗೆ ಹೋಗಿ ವಕೀಲರಾದವರು. ಸ್ವಾತಂತ್ರ್ಯ ಚಳವಳಿಗೆ ಬಿದ್ದರು, ಜೈಲು ಕಂಡರು. ಕ್ರೈಸ್ತರೆಂದರೆ ಬಿಳಿಯರ ಪಕ್ಷ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಆ ಮಾತು ಸುಳ್ಳೆಂದು ತೋರಿಸಲು ಬೀದಿಗಿಳಿದ ಕ್ರೈಸ್ತ ತರುಣರಲ್ಲಿ ಆಳ್ವರು ಮುಂದಿದ್ದರು. 1943ರಲ್ಲಿ ‘ಫೋರಂ’ ಎಂಬ ಇಂಗ್ಲಿಷ್ ವಾರಪತ್ರಿಕೆ ಶುರು ಮಾಡಿದರು. 1949ರಲ್ಲಿ ಮುಂಬಯಿಯ ಶೆರಿಫ್ ಆದರು.

ಇಷ್ಟೆಲ್ಲ ರಾಜಕಾರಣದ ಮಾತಾಯಿತು. ಆದರೆ ನೆನೆಯಬೇಕಾದ್ದು ಅವರ ಸಂಸಾರವನ್ನು.

1937ರಲ್ಲಿ ಅವರು ಕೈಹಿಡಿದದ್ದು ವಯಲೆಟ್ ಹರಿ ಎಂಬ ಹುಡುಗಿಯನ್ನು. ಅಹಮದಾಬಾದಿನ ಪಾದ್ರಿಯ ಮಗಳು, ಗುಜರಾತಿ, ಪ್ರೊಟೆಸ್ಟೆಂಟ್. ಹದಿನಾರನೆಯ ವಯಸ್ಸಿಗೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು, ಅಣ್ಣ-ಅಕ್ಕಂದಿರ ನೆರಳಲ್ಲಿ ಓದಿ, ಲಾ ಮುಗಿಸಿದಾಕೆ. ಹೊರಗಿನವರಿಗೆ ಇಬ್ಬರೂ ‘ಕಿರಿಸ್ತಾನರು’. ಅದರಲ್ಲೇನು ದೊಡ್ಡ ಮಾತು ಎನ್ನಿಸೀತು. ಆದರೆ ಆ ಕಾಲದಲ್ಲಿ ಕೆಥೋಲಿಕ್ ಗಂಡು ಪ್ರೊಟೆಸ್ಟೆಂಟ್ ಹೆಣ್ಣನ್ನು ಮದುವೆಯಾಗಬೇಕಾದರೆ ಚರ್ಚಿನಿಂದ ವಿಶೇಷ ಅಪ್ಪಣೆ ಬೇಕಿತ್ತು. ನಮ್ಮಲ್ಲಿ ಜಾತಿ ಬಿಟ್ಟು ಮದುವೆಯಾದರೆ ಏಳುವ ಗುಲ್ಲಿಗೇನೂ ಅದು ಕಡಿಮೆ ಇರಲಿಲ್ಲ.

ಗಂಡ-ಹೆಂಡತಿ ಸೇರಿಯೇ ವಕೀಲಿ ಬೋರ್ಡು ಹಾಕಿದರು. ಮಕ್ಕಳು ಮೂವರು: ನಿರಂಜನ, ಚಿತ್ತರಂಜನ, ಮಾಯಾ. ಹೆಸರುಗಳನ್ನು ಗಮನಿಸಿ! ಜೋಕಿಂ, ವಯಲೆಟ್ ಎಂಬವರ ಮಕ್ಕಳಿಗೆ ಅಪ್ಪಟ ದೇಸಿ ಹೆಸರು. ಧರ್ಮ ಯೇಸುವಿನದು, ನೆಲ ಇಲ್ಲಿಯದು ಎನ್ನುವುದನ್ನು ಆಳ್ವರು ಭಾಷಣದಲ್ಲಿ ಹೇಳಿದ್ದಕ್ಕಿಂತ ತೊಟ್ಟಿಲಲ್ಲಿ ಹೇಳಿದ್ದೇ ಹೆಚ್ಚು ಗಟ್ಟಿ.

1943ರಲ್ಲಿ ಬ್ರಿಟಿಷರು ವಯಲೆಟ್‌ರನ್ನು ಹಿಡಿದು ಆರ್ಥರ್ ರೋಡ್ ಜೈಲಿಗೆ ಅಟ್ಟಿದರು. ಕಂಕುಳಲ್ಲಿ ಐದು ತಿಂಗಳ ಕೂಸು ಚಿತ್ತರಂಜನ. ಬಾಣಂತನದ ಎಣ್ಣೆ-ನೀರಿನ ವಾಸನೆ ಆರುವ ಮೊದಲೇ ಜೈಲಿನ ಬಾಗಿಲು. ಮರುವರ್ಷ ಆಕೆ ಮಹಿಳೆಯರಿಗಾಗಿಯೇ ‘ಬೇಗಂ’ ಎಂಬ ಪತ್ರಿಕೆ ತೆಗೆದರು. ಗಂಡನದೊಂದು ಪತ್ರಿಕೆ, ಹೆಂಡತಿಯದೊಂದು ಪತ್ರಿಕೆ. ಒಂದೇ ಮನೆಯಲ್ಲಿ ಇಬ್ಬರು ಸಂಪಾದಕರೆಂದರೆ ಅಡುಗೆ ಯಾರು ಮಾಡುತ್ತಿದ್ದರೋ ಎಂದು ಕೇಳುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ.

1952ರ ಮೊದಲ ಚುನಾವಣೆಯಲ್ಲಿ ಆಳ್ವರು ಕಾಂಗ್ರೆಸ್ ಹುರಿಯಾಳಾಗಿ ಕೆನರಾ ಕ್ಷೇತ್ರಕ್ಕೆ ಬಂದರು. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅವರು ಹುಟ್ಟಿದ ಉಡುಪಿ ಮದ್ರಾಸಿಗೆ! ಭಟ್ಕಳ ದಾಟಿದರೆ ಬೇರೆ ರಾಜ್ಯ. ಕಾಳಿ ನದಿಗೆ ಕಾರವಾರದಲ್ಲಿ ಸೇತುವೆಯೇ ಇರಲಿಲ್ಲ. ಸದಾಶಿವಗಡಕ್ಕೆ ಹೋಗಬೇಕಾದರೆ ದೋಣಿಯೇ ಗತಿ. ಹೀಗಿದ್ದೂ ಗೆದ್ದರು. 1957ರಲ್ಲಿ ಮತ್ತೆ ನಿಲ್ಲುವಷ್ಟರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತ್ತು. ಆಗಲೂ ಗೆದ್ದರು, 1962ರಲ್ಲೂ ಗೆದ್ದರು. 1967ರಲ್ಲಿ ಈ ಸೀಟು ನಮ್ಮ ಚುಟುಕದ ದಿನಕರ ದೇಸಾಯಿಯವರ ಪಾಲಾಯಿತು.

ಇತ್ತ 1952ರಲ್ಲೇ ವಯಲೆಟ್ ರಾಜ್ಯಸಭೆಗೆ ಹೋಗಿದ್ದರು. ದೇಶದ ಮೊದಲ ಸಂಸದ ದಂಪತಿ! ಆದರೆ ಏಣಿ ಹತ್ತಿದ್ದು ಹೆಂಡತಿ. 1957ರಲ್ಲಿ ಕೇಂದ್ರದ ಗೃಹ ಖಾತೆಯ ಉಪಮಂತ್ರಿ; 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ, ಆ ಪೀಠವೇರಿದ ಮೊದಲ ಮಹಿಳೆ. ಯಜಮಾನರು ಮಾತ್ರ ಬರಿಯ ಮೆಂಬರು.

1968ರಲ್ಲಿ ಇನ್ನೂ ಸ್ವಾರಸ್ಯದ ಪ್ರಸಂಗ ಒದಗಿತು. ಆಳ್ವರು ನಾಮಕರಣ ಸದಸ್ಯರಾಗಿ ರಾಜ್ಯಸಭೆಗೇ ಬಂದರು. ಪೀಠದಲ್ಲಿ ಹೆಂಡತಿ, ಕೆಳಗೆ ಬೆಂಚಿನಲ್ಲಿ ಗಂಡ. ಆಕೆ ಪೀಠದಲ್ಲಿದ್ದಾಗ ಮಾತಾಡಬೇಕಾದರೆ ಎದ್ದು ನಿಂತು ಪೀಠಕ್ಕೇ ‘ಮೇಡಂ’ ಅನ್ನಬೇಕು. ಗಂಟೆ ಬಾರಿಸಿ ‘ಸಾಕು, ಕೂತುಕೊಳ್ಳಿ’ ಎಂದರೆ ಕೂರಬೇಕು. ಮೀಸೆಯ ಮೇಲೆ ಕೈಯಾಡಿಸುವ ನಮ್ಮ ಊರ ಗಂಡಸರು ಎಷ್ಟು ಮಂದಿ ಅಲ್ಲಿ ಹೋಗಿ ಕೂರುತ್ತಿದ್ದರೋ, ಅವರವರೇ ಹೇಳಬೇಕು. ಆಳ್ವರು ಕೂತರು.

ಆ ಭಾಗ್ಯ ಒಂದೂವರೆ ವರ್ಷದ್ದು. 1969ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ವಯಲೆಟ್ ಹೆಸರಿತ್ತು, ಇಂದಿರಾ ಗಾಂಧಿಯವರು ಬೆಂಬಲಿಸಲಿಲ್ಲ ಎನ್ನುತ್ತಾರೆ. ನವೆಂಬರಿನಲ್ಲಿ ಆಕೆ ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ವಾರ ತುಂಬುವ ಮೊದಲೇ, 20ನೇ ತಾರೀಕು ಬೆಳಿಗ್ಗೆ, ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ವಯಸ್ಸು ಅರವತ್ತೊಂದು. ಮೂವತ್ತೆರಡು ವರ್ಷದ ದಾಂಪತ್ಯ.

ಅದಾದ ಮೇಲೂ ಆಳ್ವರ ಅವಧಿ ನಾಲ್ಕು ವರ್ಷಕ್ಕೂ ಮಿಕ್ಕಿ ಬಾಕಿ ಇತ್ತು. ಅದೇ ಸಭೆ, ಅದೇ ಬೆಂಚು. ಎದುರಿನ ಪೀಠದಲ್ಲಿ ಬೇರೆಯವರು. ಆ ದಿನಗಳು ಆ ಮನುಷ್ಯನಿಗೆ ಹೇಗೆ ಕಳೆದವೋ, ಹೆಂಡತಿಯನ್ನು ಕಳಕೊಂಡವರಿಗಷ್ಟೇ ಗೊತ್ತು.

1974ರಲ್ಲಿ ಅವರ ಅವಧಿ ಮುಗಿಯಿತು. ಅದೇ ವರ್ಷ ಹಿರಿಯ ಮಗ ನಿರಂಜನರ ಹೆಂಡತಿ, ಮಂಗಳೂರಿನ ಹುಡುಗಿ ಮಾರ್ಗರೆಟ್, ಅದೇ ರಾಜ್ಯಸಭೆಯ ಮೆಟ್ಟಿಲು ಹತ್ತಿದರು. ಮಾವ ಇಳಿದದ್ದು, ಸೊಸೆ ಏರಿದ್ದು! ಅತ್ತೆಗೆ ತಪ್ಪಿದ ಉಪರಾಷ್ಟ್ರಪತಿ ಪಟ್ಟಕ್ಕೆ 2022ರಲ್ಲಿ ಸೊಸೆಯೂ ನಿಂತು ಸೋತದ್ದು ಬೇರೆ ಕತೆ.

ಜೋಕಿಂ ಆಳ್ವರು 1979ರ ಜೂನ್ 28ರಂದು ಕಣ್ಮುಚ್ಚಿದರು. 2007ರಲ್ಲಿ ಸಂಸತ್ ಭವನದಲ್ಲಿ ಈ ದಂಪತಿಯ ಭಾವಚಿತ್ರ ಅನಾವರಣವಾಯಿತು. ಮರುವರ್ಷ ಅಂಚೆ ಇಲಾಖೆ ಒಂದು ಚೀಟಿ ತಂದಿತು. ಗಂಡನಿಗೊಂದು, ಹೆಂಡತಿಗೊಂದು ಅಂತಲ್ಲ. ಇಬ್ಬರಿಗೂ ಸೇರಿ ಒಂದೇ ಚೀಟಿ.