ಮೋಟರ್ ಮನೆಗೆ ಲ್ಯಾಪ್‌ಟಾಪಿನ ದೀಪ

ರಾತ್ರಿ ತ್ರೀಫೇಸ್ ಕೊಟ್ಟರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದವರಿಗೆ ನಿದ್ದೆಯಿಲ್ಲ. ಬಿದ್ದ ಗರಿ ತುಳಿದುಕೊಂಡೇ ಮೋಟರ್ ಮನೆಗೆ ಹೋಗಬೇಕು. ಗರಿಯಡಿ ಕೊಳಕುಮಂಡಲ ಮಲಗಿದ್ದರೆ ಕತ್ತಲಲ್ಲಿ ಕಾಣುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆ ಹತ್ತಿರ ಒಂದು ದೀಪ ಬೇಕೇ ಬೇಕು. ಅದಕ್ಕೆ ಬೇಕಾದ ಬ್ಯಾಟರಿ ಎಷ್ಟೋ ಮನೆಗಳಲ್ಲಿ ಕೆಟ್ಟ ಲ್ಯಾಪ್‌ಟಾಪಿನ ಒಳಗೇ ಕೂತಿದೆ.

2014ರಲ್ಲಿ ಬೆಂಗಳೂರಿನ ಐಬಿಎಂ ಸಂಶೋಧಕರು ಇಂಥ ಬ್ಯಾಟರಿಯಿಂದ ದೀಪ ಉರಿಸಿ ತೋರಿಸಿದರು. ಬಿಸಾಡಿದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಎಪ್ಪತ್ತರಲ್ಲಿ ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು, ಒಂದು ವರ್ಷ ಉರಿಸುವಷ್ಟು ಕಸುವು ಉಳಿದಿತ್ತು. ಒಳ್ಳೆಯ ಸೆಲ್‌ಗಳನ್ನು ಆರಿಸಿ 'ಊರ್ಜಾರ್' ಎಂಬ ಪೆಟ್ಟಿಗೆ ಕಟ್ಟಿ ಬೀದಿಬದಿ ವ್ಯಾಪಾರಿಗಳ ಕೈಗೆ ಕೊಟ್ಟು ನೋಡಿದರು. ಬೆಂಗಳೂರಿನಲ್ಲೂ ನೆಲೆಯಿರುವ ನುನಮ್ ಸಂಸ್ಥೆ 2022ರಲ್ಲಿ ಆಡಿ ಕಾರುಗಳ ಹಳೆಯ ಬ್ಯಾಟರಿಗಳಿಂದ ಇ-ರಿಕ್ಷಾ ಓಡಿಸಲು ಹೊರಟಿತು.

ಸತ್ತ ಬ್ಯಾಟರಿಯಲ್ಲಿ ಜೀವ ಉಳಿಯುವುದು ಹೇಗೆ? ಸಾಮಾನ್ಯವಾಗಿ ಒಂದು ಪ್ಯಾಕಿನಲ್ಲಿ ಆರು ಸೆಲ್, ಎರಡೆರಡರಂತೆ ಮೂರು ಜೋಡಿ. ಒಂದು ಜೋಡಿ ಸೊರಗಿದರೂ ಒಳಗಿನ ಸರ್ಕ್ಯೂಟ್ ಪ್ಯಾಕನ್ನೇ ನಿಲ್ಲಿಸಿಬಿಡುತ್ತದೆ. ಎರಡು ಕಾಯಿ ಕೊಳೆತವೆಂದು ಗೊನೆಯನ್ನೇ ತಿಪ್ಪೆಗೆ ಎಸೆದ ಹಾಗೆ.

ನಮ್ಮ ಮೋಟರ್ ಮನೆಗೆ ದೀಪ ಮಾಡುವಾಗ ಪ್ಯಾಕನ್ನು ಮೊಬೈಲ್ ರಿಪೇರಿ ಹುಡುಗನಿಂದಲೇ ಬಿಚ್ಚಿಸಿದೆ. ಚಾಕು ಜಾರಿ ಸೆಲ್ ತೂತಾದರೆ ಬೆಂಕಿಯೇ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್‌ಗಳು. ಅವನು ಒಂದೊಂದಕ್ಕೂ ಮಲ್ಟಿಮೀಟರ್ ಹಿಡಿದ. ಎರಡು ವೋಲ್ಟಿಗಿಂತ ಕೆಳಗಿಳಿದ ಜೋಡಿ ಅಲ್ಲೇ ತಿರಸ್ಕೃತ. ಉಳಿದ ನಾಲ್ಕನ್ನು 4.2 ವೋಲ್ಟಿಗೆ ಚಾರ್ಜ್ ಮಾಡಿ ವಾರ ಸುಮ್ಮನೆ ಇಟ್ಟ. ವೋಲ್ಟೇಜ್ ಕುಸಿಯಲಿಲ್ಲ, ಚಾರ್ಜಾಗುವಾಗ ಬಿಸಿಯೂ ಆಗಲಿಲ್ಲ. ಚಿಕ್ಕ ಸೋಲಾರ್ ಪ್ಯಾನೆಲ್, ಚಾರ್ಜು ಹೆಚ್ಚೂ ಕಮ್ಮಿಯೂ ಆಗದಂತೆ ಕಾಯುವ ಬೋರ್ಡ್, ಒಂದು ಎಲ್‌ಇಡಿ: ಹೊಸದಾಗಿ ಕೊಂಡದ್ದು ಇಷ್ಟೇ.

ಆದರೆ ಒಂದು ಮಾತು ಒತ್ತಿ ಹೇಳಬೇಕು. ಈ ಬ್ಯಾಟರಿ ಅಟ್ಟಕ್ಕೆ ಹೋಗಕೂಡದು. ನಮ್ಮ ಉಂಡೆ ಕೊಬ್ಬರಿ ತಿಂಗಳುಗಟ್ಟಲೆ ಒಣಗುವುದು ಅಲ್ಲೇ. ಎಣ್ಣೆ ತುಂಬಿದ ಕೊಬ್ಬರಿಗೆ, ಕೆಳಗಿನ ಮಟ್ಟೆಗೆ ಒಂದು ಕಿಡಿ ಸಾಕು. ಗಾರೆ ಗೋಡೆಯ ಮೇಲೆ, ಬಿಸಿಲು ತಾಗದ ಕಡೆ, ತಗಡಿನ ಪೆಟ್ಟಿಗೆಯಲ್ಲಿರಲಿ.

ಇನ್ನು ಉಳಿಯುವುದು ಕೆಟ್ಟ ಸೆಲ್‌ಗಳ ಪ್ರಶ್ನೆ. ಹಳೆ ಬ್ಯಾಟರಿಯನ್ನು ವಾಪಸ್ ಪಡೆಯುವ ಹೊಣೆಯನ್ನು 2022ರ ನಿಯಮ ತಯಾರಕರ ಮೇಲೆ ಹೊರಿಸಿದೆ. ಬೆಂಗಳೂರು ದಾರಿಯ ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಬಿಡಿಸುವ 'ಇ-ಪರಿಸರ' 2005ರಿಂದಲೇ ಇದೆ. ಆದರೆ ಹಳ್ಳಿಯಿಂದ ಅಲ್ಲಿಗೆ ಒಯ್ಯುವವರು ಯಾರು? ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ, ಮುಂದೆ ಏನಾಗುತ್ತದೋ ಕೇಳುವವರಿಲ್ಲ. ತಾಲ್ಲೂಕಿಗೆ ನಾಲ್ಕು ರಿಪೇರಿ ಅಂಗಡಿಗಳು ಒಂದೊಂದು ಡಬ್ಬಿ ಇಟ್ಟು ಕೂಡಿಸಿ, ತಿಂಗಳಿಗೊಮ್ಮೆ ಕಳಿಸುವಂತಾದರೆ ಈ ತೊಡಕು ಬಗೆಹರಿಯುತ್ತದೆ. ಐಟಿಐ ಹುಡುಗರಿಗೆ ಸೆಲ್ ಪರೀಕ್ಷಿಸುವುದನ್ನು ಕಲಿಸಿದರೆ ಊರಲ್ಲೇ ಕೈಕೆಲಸವೂ ಆಯಿತು.

ನಮ್ಮ ಆ ಎರಡು ಸೆಲ್, ತುದಿಗೆ ಟೇಪ್ ಸುತ್ತಿಸಿಕೊಂಡು, ಮರಳು ತುಂಬಿದ ಡಬ್ಬಿಯಲ್ಲಿವೆ. ದಾಬಸ್‌ಪೇಟೆ ಕಡೆ ಹೋಗುವವರನ್ನು ಕಾಯುತ್ತಿದ್ದೇನೆ.